ವಿಕೋಪ ಪರಿಹಾರದಲ್ಲಿ ಸೇನೆಯ ಪಾತ್ರ ಎಲ್ಲಿಯವರೆಗೆ ಇರಬೇಕು?

ಪ್ರಶ್ನೆ: ಮಡಿಕೇರಿ ಓದುಗ

ಎಲ್ಲರಿಗೂ ನಮಸ್ಕಾರ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಗಳಲ್ಲಿ ಗುಡ್ಡಗಳು ಜಾರಿ ಬಂದಾಗ ಸೇನೆ, ನೌಕಾಪಡೆ ಮತ್ತು ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಪ್ರತಿಕ್ರಿಯೆ ಪಡೆ) ತಂಡಗಳು ಬಂದು ಜನರನ್ನು ಹೊರತಂದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗಲೂ, ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಕೊಚ್ಚಿಹೋದಾಗಲೂ ಜನರು ಮೊದಲು ಕೇಳಿದ್ದು ‘ಸೇನೆಯನ್ನು ಯಾವಾಗ ಕರೆಸುತ್ತೀರಿ’ ಎಂದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರ ನಾಡಿನಲ್ಲಿ ಹುಟ್ಟಿದ ನನಗೆ ಆ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ. ನಮ್ಮಲ್ಲಿ ಮನೆಗೊಬ್ಬರು ಸೇನೆಯಲ್ಲಿದ್ದವರು ಸಿಗುತ್ತಾರೆ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತಿದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿಯೇ ಬಂದಿದೆ. ಅದರ ಮರುವರ್ಷ ಎನ್‌ಡಿಆರ್‌ಎಫ್ ಹುಟ್ಟಿದೆ. ರಾಜ್ಯಕ್ಕೆ ತನ್ನದೇ ವಿಪತ್ತು ಪಡೆ, ಎಸ್‌ಡಿಆರ್‌ಎಫ್, ಇದೆ. ಇಷ್ಟೆಲ್ಲ ಇದ್ದ ಮೇಲೂ ಪ್ರತಿ ಮಳೆಗಾಲದಲ್ಲಿ ಸೈನಿಕರು ಬರಲೇಬೇಕಾಗುವುದು ಏಕೆ? ಅವರನ್ನು ಕರೆಯುವ ಅಧಿಕಾರ ಯಾರಿಗಿದೆ, ಕರೆದ ಮೇಲೆ ಅವರು ಯಾರ ಮಾತಿನಂತೆ ನಡೆಯುತ್ತಾರೆ? ಯುದ್ಧವಿಲ್ಲದ ಕಾಲದಲ್ಲಿ ಪರಿಹಾರ ಕಾರ್ಯವನ್ನು ಸೇನೆಯ ಕಾಯಂ ಕರ್ತವ್ಯವೆಂದೇ ಘೋಷಿಸಿಬಿಡಬೇಕು ಎನ್ನುವವರು ನನ್ನ ಪರಿಚಯದಲ್ಲಿ ಹಲವರಿದ್ದಾರೆ. ಅದು ಸರಿಯೇ? ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಸ್ಯಾಪರ್, ಬೆಂಗಳೂರು

ನಾನು ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದಲ್ಲಿದ್ದವನು. ನಿಮ್ಮ ಮೊದಲ ಪ್ರಶ್ನೆಗೆ ವಯನಾಡನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ, ಏಕೆಂದರೆ ಸೇನೆ ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ ಎನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣಿಸಿತು.

ಚೂರಲ್‌ಮಲದ ಸೇತುವೆ ಕೊಚ್ಚಿಹೋದ ಕ್ಷಣದಿಂದ ಮುಂಡಕ್ಕೈ ಊರು ಹೊಳೆಯ ಆಚೆ ದಡದಲ್ಲಿ ಒಂಟಿಯಾಯಿತು. ಮೊದಲ ದಿನ ರಕ್ಷಣಾ ತಂಡಗಳು ಹಗ್ಗ ಕಟ್ಟಿಕೊಂಡು ದಾಟಿದವು, ಗಾಯಾಳುಗಳನ್ನು ಹಾಗೆಯೇ ಈಚೆಗೆ ತಂದವು. ಮನುಷ್ಯರು ಹಗ್ಗದ ಮೇಲೆ ದಾಟಬಹುದು, ಹಿಟಾಚಿ ದಾಟಲಾರದು. ಹಿಟಾಚಿ ಇಲ್ಲದೆ ಅಷ್ಟು ಎತ್ತರದ ಕೆಸರು ಮತ್ತು ಬಂಡೆಗಳ ಅಡಿಯಲ್ಲಿ ಇರುವವರನ್ನು ಹುಡುಕಲಾಗದು. ಆಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತಂಡ ಮೇಜರ್ ಸೀತಾ ಶೆಲ್ಕೆ ಅವರ ನೇತೃತ್ವದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಸುಮಾರು 31 ಗಂಟೆಗಳಲ್ಲಿ ಕಟ್ಟಿ, ಆಗಸ್ಟ್ 1ರ ಸಂಜೆ ವಾಹನಗಳಿಗೆ ತೆರೆದುಕೊಟ್ಟಿತು. 24 ಟನ್ ಭಾರ ಹೊರುವ ಸೇತುವೆ ಅದು. ಸಾಮಗ್ರಿಯಲ್ಲಿ ಒಂದು ಪಾಲು ಬೆಂಗಳೂರಿನಿಂದ ಲಾರಿಗಳಲ್ಲಿ ಘಟ್ಟ ದಾಟಿ ಹೋಯಿತು, ಇನ್ನೊಂದು ಪಾಲು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಇಳಿಯಿತು.

ಈ ಸೇತುವೆಯ ಕೆಲಸವನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಎಂಜಿನಿಯರ್ ಡೊನಾಲ್ಡ್ ಬೈಲಿ ರೂಪಿಸಿದ ವಿನ್ಯಾಸ ಇದು. ಹತ್ತು ಅಡಿ ಉದ್ದ, ಐದು ಅಡಿಯಷ್ಟು ಎತ್ತರದ ಒಂದೊಂದು ಉಕ್ಕಿನ ಪ್ಯಾನೆಲ್ ಸುಮಾರು 260 ಕಿಲೋ ತೂಗುತ್ತದೆ. ಆರು ಜನ ಅಡ್ಡಗೋಲು ಹಾಕಿ ಎತ್ತಿಕೊಂಡು ಹೋಗಿ ಒಂದಕ್ಕೊಂದು ಜೋಡಿಸಿ, ಕಿವಿಗಳು ಒಂದರೊಳಗೊಂದು ಕೂತ ಮೇಲೆ ಸುತ್ತಿಗೆಯಿಂದ ಪಿನ್ ಹೊಡೆದು ಬಿಗಿಮಾಡುತ್ತಾರೆ. ಸೇತುವೆ ಒಂದೇ ದಡದ ಮೇಲೆ ಬೆಳೆಯುತ್ತದೆ. ಮುಂದಕ್ಕೆ ಹಗುರವಾದ ಮೂತಿಯೊಂದನ್ನು ಕಟ್ಟಿ, ಹಿಂದೆ ಭಾರ ಉಳಿಯುವಂತೆ ನೋಡಿಕೊಂಡು, ಇಡೀ ಚೌಕಟ್ಟನ್ನು ರೋಲರ್‌ಗಳ ಮೇಲೆ ಅಡಿ ಅಡಿಯಾಗಿ ಆಚೆ ದಡದ ಕಡೆಗೆ ತಳ್ಳುತ್ತಾರೆ. ಒಂದು ಪಿನ್ ಸರಿಯಾಗಿ ಕೂರದಿದ್ದರೆ ಮುಂದಿನ ಪ್ಯಾನೆಲ್ ಜೋಡಣೆಗೆ ಬರುವುದಿಲ್ಲ. ಎತ್ತುವ ಆರು ಜನರಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಇನ್ನೊಬ್ಬನ ಕಾಲು ಹೋಗುತ್ತದೆ. ನಮ್ಮ ‘ತಂಬಿ’ಗಳು, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು, ಇದನ್ನು ಕತ್ತಲಲ್ಲಿ, ಮಳೆಯಲ್ಲಿ, ಮತ್ತೆ ಮತ್ತೆ ಕಟ್ಟಿ ಬಿಚ್ಚಿ ಕಲಿತಿರುತ್ತಾರೆ. ಯುದ್ಧಭೂಮಿಯಲ್ಲಿ ಟ್ಯಾಂಕುಗಳನ್ನು ದಾಟಿಸಲೆಂದು ಕಲಿತ ವಿದ್ಯೆ ವಯನಾಡಿನಲ್ಲಿ ಆಂಬುಲೆನ್ಸ್ ಮತ್ತು ಹಿಟಾಚಿಗಳನ್ನು ದಾಟಿಸಿತು.

ಸೇನೆಯ ನಿಜವಾದ ಕೊಡುಗೆ ಈ ಬಗೆಯದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಸೇತುವೆ, ಹೆಲಿಕಾಪ್ಟರ್, ಹಡಗು, ಬಯಲಿನಲ್ಲಿ ನಿಲ್ಲಿಸಬಹುದಾದ ಆಸ್ಪತ್ರೆ, ರಸ್ತೆಯೂ ವಿದ್ಯುತ್ತೂ ಇಲ್ಲದ ಕಡೆ ತನ್ನ ಊಟ ಮತ್ತು ಸಂಪರ್ಕವನ್ನು ತಾನೇ ಹೊತ್ತು ತರುವ ವ್ಯವಸ್ಥೆ, ಇವು ಬೇರೆ ಯಾರಲ್ಲೂ ಆ ಪ್ರಮಾಣದಲ್ಲಿ ಇಲ್ಲ. 2023ರಲ್ಲಿ ತುರ್ಕಿಯ ಭೂಕಂಪಕ್ಕೆ ಹೋದ ಸೇನೆಯ ವೈದ್ಯಕೀಯ ತಂಡ ಹತಾಯ್ ಪ್ರಾಂತ್ಯದ ಇಸ್ಕೆಂದರುನ್‌ನಲ್ಲಿ 30 ಹಾಸಿಗೆಗಳ ಆಸ್ಪತ್ರೆಯನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡಿದ್ದು ಅದೇ ತಯಾರಿಯಿಂದ. ಆದರೆ ಅಕ್ಕಿ ಮೂಟೆ ಇಳಿಸಲು, ಕಾಳಜಿ ಕೇಂದ್ರ ನಡೆಸಲು, ಚರಂಡಿಯ ಹೂಳು ತೆಗೆಯಲು ತರಬೇತಾದ ಸೈನಿಕನನ್ನು ನಿಲ್ಲಿಸುವುದು ಅವನ ವಿದ್ಯೆಗೆ ಮಾಡುವ ಅಪಚಾರ. ದುರದೃಷ್ಟವಶಾತ್ ಕರೆ ಬಂದಾಗ ಈ ವ್ಯತ್ಯಾಸವನ್ನು ಯಾರೂ ಮಾಡುವುದಿಲ್ಲ.

ಕಾಯಂ ಕರ್ತವ್ಯವಾಗಬೇಕೇ ಎಂದು ಕೇಳಿದಿರಿ. ಬೇಡ. ಸೈನಿಕ ಪರಿಹಾರ ಕಾರ್ಯದಲ್ಲಿ ಕಳೆಯುವ ಪ್ರತಿ ತಿಂಗಳೂ ಅವನ ಮುಖ್ಯ ತರಬೇತಿಯಿಂದ ಕಳೆದುಹೋಗುವ ತಿಂಗಳು. ಇನ್ನೊಂದು ಮಾತು: ಸೇನೆ ವಿಕೋಪದ ಹೊರಗೆ ನಿಂತಿರುವ ಶಕ್ತಿಯೇನೂ ಅಲ್ಲ. 2004ರ ಸುನಾಮಿಯಲ್ಲಿ ಕಾರ್ ನಿಕೋಬಾರ್ ವಾಯುನೆಲೆಯೇ ನಾಶವಾಗಿ, ವಾಯುಪಡೆಯವರು ಮತ್ತು ಅವರ ಕುಟುಂಬದವರು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2014ರಲ್ಲಿ ಶ್ರೀನಗರ ಮುಳುಗಿದಾಗ ಬಾದಾಮಿ ಬಾಗ್ ದಂಡುಪ್ರದೇಶವೂ ಮುಳುಗಿತ್ತು. 2023ರ ಅಕ್ಟೋಬರ್ 4ರಂದು ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರ ಒಡೆದು ತೀಸ್ತಾ ಉಕ್ಕಿದಾಗ ಮೊದಲು ಕೊಚ್ಚಿಹೋದವರಲ್ಲಿ ಬರ್ದಾಂಗ್ ಬಳಿಯಿದ್ದ ಸೈನಿಕರೂ ಇದ್ದರು. 2013ರ ಜೂನ್ 25ರಂದು ಕೇದಾರ ಕಣಿವೆಯ ಗೌರಿಕುಂಡದ ಹತ್ತಿರ ಬಿದ್ದ ವಾಯುಪಡೆಯ ಹೆಲಿಕಾಪ್ಟರ್‌ನಲ್ಲಿದ್ದ 20 ಮಂದಿಯೂ, ಅಂದರೆ ವಾಯುಪಡೆ, ಎನ್‌ಡಿಆರ್‌ಎಫ್ ಮತ್ತು ಐಟಿಬಿಪಿಯವರು, ಅನ್ಯರನ್ನು ಉಳಿಸುವ ಕೆಲಸದಲ್ಲೇ ಜೀವ ಕೊಟ್ಟರು. ‘ಹೇಗೂ ಸೇನೆ ಇದೆಯಲ್ಲ’ ಎಂದು ಹಗುರವಾಗಿ ಹೇಳುವವರು ಇದನ್ನು ನೆನಪಿಡಬೇಕು.

ಉತ್ತರ: ಕಂದಾಯ ಇಲಾಖೆಯಲ್ಲಿದ್ದವನು, ಬಾಗಲಕೋಟೆ

ಕರೆಯುವ ಅಧಿಕಾರದ ಬಗ್ಗೆ ನಾನು ಹೇಳಬಲ್ಲೆ. ನಾಗರಿಕ ಆಡಳಿತಕ್ಕೆ ಸೇನೆಯ ನೆರವು ಎಂಬುದು ಹಳೆಯ ವ್ಯವಸ್ಥೆ; ಶಾಂತಿಪಾಲನೆ, ಅಗತ್ಯ ಸೇವೆಗಳ ನಿರ್ವಹಣೆ, ನೈಸರ್ಗಿಕ ವಿಕೋಪ ಮುಂತಾದ ಸಂದರ್ಭಗಳಿಗೆ ಅದರಲ್ಲಿ ಅವಕಾಶವಿದೆ. ಸಾಮಾನ್ಯವಾಗಿ ಕೋರಿಕೆ ರಾಜ್ಯ ಸರ್ಕಾರದ ಮೂಲಕ ಹೋಗುತ್ತದೆ. ಆದರೆ ಹೊತ್ತು ಮೀರುತ್ತಿದೆ ಎನ್ನಿಸಿದಾಗ ಜಿಲ್ಲಾಧಿಕಾರಿಯವರು ಹತ್ತಿರದ ಸೇನಾ ಠಾಣೆಯ ಅಧಿಕಾರಿಗೆ ನೇರವಾಗಿ ಕೋರಿಕೆ ಕಳಿಸಬಹುದು, ಆ ಅಧಿಕಾರಿ ತಂಡವನ್ನು ಹೊರಡಿಸಿ ಮೇಲಿನವರಿಗೆ ವರದಿ ಮಾಡಬಹುದು. ಬಂದ ತಂಡ ತನ್ನ ಅಧಿಕಾರಿಯ ಆಜ್ಞೆಯಲ್ಲೇ ಇರುತ್ತದೆ; ಯಾವ ಊರಿಗೆ ಮೊದಲು ಹೋಗಬೇಕು, ಯಾರನ್ನು ಮೊದಲು ತೆರವುಗೊಳಿಸಬೇಕು ಎಂಬುದನ್ನು ಹೇಳುವುದು ಜಿಲ್ಲಾಡಳಿತದ ಕೆಲಸ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಯವರೇ.

ಹೇಳುವ ಕೆಲಸವನ್ನು ಸರಿಯಾಗಿ ಮಾಡುವುದು ಎಷ್ಟು ಕಷ್ಟ ಎಂಬುದನ್ನು 2019ರ ಆಗಸ್ಟ್‌ನಲ್ಲಿ ನಮ್ಮ ಕಡೆಯವರು ಕಂಡಿದ್ದಾರೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ತುಂಬಿದ್ದವು. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗ, ಬಾದಾಮಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿತ್ತು. ಹೊರಗಿನಿಂದ ಬಂದ ತಂಡದ ಕೈಯಲ್ಲಿ ನಕ್ಷೆ ಇರುತ್ತದೆ, ಆದರೆ ಯಾವ ಹಳ್ಳ ಹಿಂದಕ್ಕೆ ಒತ್ತಿ ಯಾವ ದಾರಿಯನ್ನು ಮುಚ್ಚಿದೆ, ಯಾವ ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ದನಗಳನ್ನು ಬಿಟ್ಟು ಬರಲೊಲ್ಲೆ ಎಂದು ಯಾರು ಮಾಳಿಗೆಯ ಮೇಲೆ ಕುಳಿತಿದ್ದಾರೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅದು ಗ್ರಾಮ ಲೆಕ್ಕಾಧಿಕಾರಿಗೆ, ತಳವಾರನಿಗೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಇವರಲ್ಲಿ ಒಬ್ಬರನ್ನು ದೋಣಿಯಲ್ಲಿ ಜೊತೆಗೆ ಕೂರಿಸಿದ ಕಡೆ ಕೆಲಸ ಬೇಗ ಮುಗಿಯುತ್ತದೆ. ಕೂರಿಸದ ಕಡೆ ದೋಣಿ ಖಾಲಿ ಮನೆಗಳ ಬಾಗಿಲು ಬಡಿಯುತ್ತಾ ಸುತ್ತುತ್ತದೆ. ಸೇನೆಯನ್ನು ಕರೆದ ಮಾತ್ರಕ್ಕೆ ಆಡಳಿತದ ಹೊಣೆ ಇಳಿಯುವುದಿಲ್ಲ, ಇನ್ನೂ ಹೆಚ್ಚಾಗುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಎನ್‌ಡಿಆರ್‌ಎಫ್ ಬಗ್ಗೆಯೂ ಒಂದು ಮಾತು. ಎಂಟು ಬೆಟಾಲಿಯನ್‌ಗಳಿಂದ ಆರಂಭವಾದ ಪಡೆ ಈಗ 16 ಬೆಟಾಲಿಯನ್‌ಗಳಾಗಿ ಬೆಳೆದಿದೆ, ಕುಸಿದ ಕಟ್ಟಡದೊಳಗೆ ಹುಡುಕುವ ಕೆಲಸದಲ್ಲಿ ಅದರ ನೈಪುಣ್ಯ ಸೇನೆಯ ಸಾಮಾನ್ಯ ತುಕಡಿಗಿಂತ ಹೆಚ್ಚಿನದು. ಆದರೆ ಅದರಲ್ಲಿ ಇರುವವರು ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಪಡೆಗಳಿಂದ ಕೆಲವು ವರ್ಷಗಳ ಮಟ್ಟಿಗೆ ಬಂದು ಹೋಗುವವರು. ನಮ್ಮ ರಾಜ್ಯವನ್ನು ನೋಡಿಕೊಳ್ಳುವ 10ನೇ ಬೆಟಾಲಿಯನ್‌ನ ಕೇಂದ್ರ ಆಂಧ್ರಪ್ರದೇಶದಲ್ಲಿದೆ. ಮಳೆಗಾಲಕ್ಕೆ ಮುಂಚೆಯೇ ಕೊಡಗು, ಬೆಳಗಾವಿಯಂಥ ಜಿಲ್ಲೆಗಳಿಗೆ ತಂಡಗಳನ್ನು ತಂದು ನಿಲ್ಲಿಸುವ ರೂಢಿ ಬಂದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ನಿಜವಾಗಿ ದುರ್ಬಲವಾಗಿರುವ ಕೊಂಡಿ ರಾಜ್ಯದ ಸ್ವಂತ ಪಡೆ. ಅದಕ್ಕೆ ಜನ, ದೋಣಿ, ಹಗ್ಗ, ಕಾಂಕ್ರೀಟ್ ಕತ್ತರಿಸುವ ಯಂತ್ರ ಇವುಗಳನ್ನು ತಾಲ್ಲೂಕು ಮಟ್ಟದವರೆಗೆ ಕೊಡದೆ ಇದ್ದರೆ ನಿಮ್ಮ ಪ್ರಶ್ನೆಯನ್ನು ಪ್ರತಿ ವರ್ಷವೂ ಕೇಳಬೇಕಾಗುತ್ತದೆ.

ಉತ್ತರ: ಕರಾವಳಿಯ ಓದುಗಿ

ಹಿಂದಿನ ಇಬ್ಬರು ಹಿರಿಯರ ಮಾತನ್ನು ಗೌರವದಿಂದ ಓದಿದೆ. ಇಬ್ಬರೂ ಪಡೆಗಳ ಬಗ್ಗೆಯೇ ಬರೆದಿದ್ದಾರೆ. ಪಡೆ ಯಾವುದೇ ಆಗಲಿ, ಅದು ಬರುವ ಹೊತ್ತಿಗೆ ಬದುಕಿಸಬಹುದಾಗಿದ್ದ ಬಹಳಷ್ಟು ಜನರನ್ನು ಯಾರೋ ಆಗಲೇ ಬದುಕಿಸಿರುತ್ತಾರೆ ಅಥವಾ ಕಳೆದುಕೊಂಡಿರುತ್ತಾರೆ. 2018ರ ಕೇರಳದ ಪ್ರವಾಹದಲ್ಲಿ ನೌಕಾಪಡೆಯ ಹೆಲಿಕಾಪ್ಟರ್ ತುಂಬುಗರ್ಭಿಣಿಯೊಬ್ಬರನ್ನು ಛಾವಣಿಯಿಂದ ಎತ್ತಿದ ದೃಶ್ಯವನ್ನು ದೇಶವೆಲ್ಲ ನೋಡಿತು, ಅದು ನಿಜಕ್ಕೂ ಹೆಮ್ಮೆಯ ಕೆಲಸ. ಅದೇ ದಿನಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಏರಿಸಿಕೊಂಡು ಬಂದು, ಚೆಂಗನ್ನೂರಿನಂಥ ಒಳನಾಡಿನ ಊರುಗಳಲ್ಲಿ ಬೀದಿ ಬೀದಿ ಸುತ್ತಿ ಸಾವಿರಾರು ಜನರನ್ನು ಹೊರತಂದರು. ಅವರಿಗೆ ಆಜ್ಞೆ ಕೊಟ್ಟವರಿರಲಿಲ್ಲ. ಕಾಂಪೌಂಡ್ ಗೋಡೆಗೆ ತಗುಲಿ ದೋಣಿಯ ಅಡಿ ಒಡೆದರೆ ಮುಂದಿನ ಹಂಗಾಮಿನ ದುಡಿಮೆಯೇ ಹೋಗುತ್ತದೆ ಎಂದು ತಿಳಿದೇ ಅವರು ಇಳಿದಿದ್ದರು.

ಕೇರಳದ ಚಾಲಕ ಅರ್ಜುನ್ ತಮ್ಮ ಲಾರಿಯೊಂದಿಗೆ ಕಣ್ಮರೆಯಾದ ಶಿರೂರಿನ ವಿಚಾರದಲ್ಲಿ ಸೇನೆಯನ್ನು ತಡವಾಗಿ ಕರೆದರು ಎಂಬ ಸಿಟ್ಟು ಕೇರಳದಲ್ಲೂ ನಮ್ಮಲ್ಲೂ ಇತ್ತು. ಗುಡ್ಡ ಬಿದ್ದದ್ದು 16ಕ್ಕೆ, ಬೆಳಗಾವಿಯಿಂದ ಸೇನೆಯ ತಂಡ ಬಂದದ್ದು 21ಕ್ಕೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಸೇನೆ ಬಂದ ಮೇಲೆ ಏನಾಯಿತು ಎಂಬುದನ್ನೂ ನೋಡಬೇಕಲ್ಲವೇ? ಕಾರವಾರದ ನೌಕಾನೆಲೆಯ ಮುಳುಗುಗಾರರು ಪಕ್ಕದ ಗಂಗಾವಳಿ ಹೊಳೆಯ ಸೆಳೆತದಲ್ಲಿ ತಳ ಮುಟ್ಟಲಾಗದೆ ಹಿಂದೆ ಸರಿಯಬೇಕಾಯಿತು. ಮಳೆಗಾಲದ ಹೊಳೆ, ಅದರ ಅಡಿಯಲ್ಲಿ ಗುಡ್ಡದ ಮಣ್ಣು. ಕೊನೆಗೆ ಗೋವಾದಿಂದ ಡ್ರೆಜ್ಜರ್ ತರಿಸಿ ಹೂಳು ತೆಗೆದ ಮೇಲೆಯೇ, ಸೆಪ್ಟೆಂಬರ್ 25ರಂದು, ಆ ಲಾರಿ ಮೇಲೆ ಬಂತು. ಅಲ್ಲಿ ಬೇಕಾಗಿದ್ದದ್ದು ಇನ್ನಷ್ಟು ಸೈನಿಕರಲ್ಲ, ಇನ್ನೊಂದು ಯಂತ್ರ. ಅದಕ್ಕಿಂತ ಮುಂಚೆ ಬೇಕಾಗಿದ್ದದ್ದು, ಹೆದ್ದಾರಿ ಅಗಲ ಮಾಡಲು ಬುಡ ಕಡಿದ ಗುಡ್ಡದ ಕೆಳಗೆ ಜನರು ವಾಹನ ನಿಲ್ಲಿಸಿ ಚಹಾ ಕುಡಿಯದಂತೆ ತಡೆಯುವ ಒಬ್ಬ ಜವಾಬ್ದಾರಿಯುತ ಅಧಿಕಾರಿ.

ಸೇನೆಯ ಮೇಲಿನ ಅತಿಯಾದ ಭರವಸೆ ಆಡಳಿತದ ಆಲಸ್ಯಕ್ಕೆ ಮರೆಯಾಗುತ್ತದೆ ಎಂಬುದಕ್ಕೆ ವಿಕೋಪದ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. 2017ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ ಕಾಲ್ತುಳಿತವಾಗಿ ಜನ ಸತ್ತಾಗ, ಹೊಸ ಪಾದಚಾರಿ ಸೇತುವೆಯನ್ನು ಸೇನೆಯಿಂದ ಕಟ್ಟಿಸಲಾಯಿತು. ಮಹಾನಗರದ ರೈಲು ನಿಲ್ದಾಣದಲ್ಲಿ ಮೆಟ್ಟಿಲು ಕಟ್ಟುವ ಎಂಜಿನಿಯರುಗಳು ಇರಲಿಲ್ಲವೇ? ಸೇನೆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅಷ್ಟು ವರ್ಷ ಅದನ್ನು ಕಟ್ಟದೆ ಇದ್ದವರನ್ನು ಕೇಳಬೇಕಾದ ಪ್ರಶ್ನೆ ಮಾತ್ರ ಸೇನೆಯ ಹೊಗಳಿಕೆಯಲ್ಲಿ ಮುಳುಗಿಹೋಯಿತು. ಅದೇ ನನ್ನ ಆತಂಕ.

ಊರವರಿಗೆ ತರಬೇತಿ ಕೊಡುವ ‘ಆಪದಾ ಮಿತ್ರ’ ಯೋಜನೆ ಕೇಂದ್ರದಿಂದಲೇ ಬಂದಿದೆ, 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತಯಾರು ಮಾಡುವ ಗುರಿಯೊಂದಿಗೆ. 12 ದಿನಗಳ ತರಬೇತಿ ಇದರಲ್ಲಿದೆ. ನಮ್ಮ ಗರಡಿಮನೆಗಳು, ಯುವಕ ಮಂಡಲಗಳು, ಮೊಗವೀರ ಸಂಘಗಳು, ಕೊಡಗಿನ ಮಾಜಿ ಸೈನಿಕರು ಇವರೆಲ್ಲ ಇದಕ್ಕೆ ಸಹಜವಾಗಿ ಒದಗಬಲ್ಲವರು. ಇಂಥವರನ್ನು ತಾಲ್ಲೂಕುವಾರು ಪಟ್ಟಿ ಮಾಡಿಟ್ಟುಕೊಳ್ಳಬೇಕು.

ಮಡಿಕೇರಿ ಓದುಗ

ಮೂವರಿಗೂ ಕೃತಜ್ಞತೆಗಳು. ಮಾಜಿ ಸೈನಿಕರನ್ನು ತಾಲ್ಲೂಕುವಾರು ಪಟ್ಟಿ ಮಾಡಿಡುವ ಸಲಹೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ನಾನು ಕೇಳಲು ಬಿಟ್ಟ ಒಂದು ವಿಷಯ ಉಳಿದಿದೆ: ಖರ್ಚು. 2006ರಿಂದ ವಯನಾಡಿನವರೆಗೆ ವಿಮಾನ ಮತ್ತು ಹೆಲಿಕಾಪ್ಟರ್ ನೆರವಿಗಾಗಿ 132.62 ಕೋಟಿ ರೂಪಾಯಿ ಕೊಡಬೇಕೆಂದು ಕೇಂದ್ರದಿಂದ ಕೇರಳಕ್ಕೆ 2024ರಲ್ಲಿ ಪತ್ರ ಬಂದದ್ದನ್ನು ಓದಿ ಬೇಸರವಾಯಿತು. ಹೆಣಗಳನ್ನು ಹುಡುಕುತ್ತಿರುವ ರಾಜ್ಯಕ್ಕೆ ಬಿಲ್ಲು ಕಳಿಸುವುದು ನ್ಯಾಯವೇ?

ಉತ್ತರ: ಕಂದಾಯ ಇಲಾಖೆಯಲ್ಲಿದ್ದವನು, ಬಾಗಲಕೋಟೆ

ಬಿಲ್ಲು ಕಳಿಸುವ ನಿಯಮ ಕೇರಳಕ್ಕೆಂದೇ ಹುಟ್ಟಿದ್ದಲ್ಲ. ನಾಗರಿಕ ಆಡಳಿತಕ್ಕಾಗಿ ಮಾಡಿದ ವೆಚ್ಚವನ್ನು ರಕ್ಷಣಾ ಇಲಾಖೆ ವಸೂಲು ಮಾಡುವುದು ಹಿಂದಿನಿಂದ ಬಂದ ಪದ್ಧತಿ. ರಾಜ್ಯಗಳು ಅದನ್ನು ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಯಿಂದ ಭರಿಸಬಹುದು, ಆ ನಿಧಿಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ಶೇ 75ರಷ್ಟಿದೆ. ಹೀಗೆ ನೋಡಿದರೆ ದೊಡ್ಡ ಪಾಲು ಕೇಂದ್ರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವ ಹಣವೇ. ಆದರೆ ಅಷ್ಟು ವರ್ಷಗಳ ಹಳೆಯ ಬಾಕಿಯನ್ನು ಒಟ್ಟುಗೂಡಿಸಿ ಆ ಹೊತ್ತಿನಲ್ಲಿ ಕೇಳಿದ್ದನ್ನು ಕೇರಳ ಹೈಕೋರ್ಟ್ ಕೂಡ ಪ್ರಶ್ನಿಸಿತು, ಅದು ಪ್ರಶ್ನಿಸಲೇಬೇಕಾದ ವಿಷಯವಾಗಿತ್ತು. ನನ್ನ ಚಿಂತೆ ಬೇರೊಂದಿದೆ. ಗಂಟೆಗೆ ಇಷ್ಟು ಎಂದು ಹೆಲಿಕಾಪ್ಟರ್‌ಗೆ ಹಣ ಕಟ್ಟಬೇಕಾದೀತು ಎಂಬ ಅಳುಕು ಜಿಲ್ಲಾಧಿಕಾರಿಯ ಮನಸ್ಸಿನಲ್ಲಿ ಹೊಕ್ಕರೆ, ಕರೆ ಮಾಡಬೇಕಾದ ಹೊತ್ತಿನಲ್ಲಿ ಅವರು ಇನ್ನೊಂದು ಗಂಟೆ ಕಾಯುತ್ತಾರೆ. ಜೀವ ಉಳಿಸುವ ಹಂತದ ಹಾರಾಟಕ್ಕೆ ಬಿಲ್ಲೇ ಇರಬಾರದು; ನಂತರದ ಸಾಗಣೆಗೆ ಇರಲಿ.

ಉತ್ತರ: ನಿವೃತ್ತ ಸ್ಯಾಪರ್, ಬೆಂಗಳೂರು

ಕರಾವಳಿಯ ಸಹೋದರಿ ಎಲ್ಫಿನ್‌ಸ್ಟನ್ ವಿಷಯದಲ್ಲಿ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದನ್ನು ಮಾತ್ರ ಒಪ್ಪಲಾರೆ. ಶಿರೂರಿನಲ್ಲಿ ಯಂತ್ರ ಬೇಕಿತ್ತು ಎಂಬುದು ನಿಜ, ಆದರೆ ಯಾವ ಯಂತ್ರ ಬೇಕು ಎಂದು ಮೊದಲ ದಿನವೇ ನಿಂತು ನೋಡಿ ಹೇಳಬಲ್ಲ ಎಂಜಿನಿಯರ್ ಅಧಿಕಾರಿ ಸೇನೆಯಲ್ಲಿದ್ದಾರೆ. ನೂರು ಜನರ ತುಕಡಿಯನ್ನು ಕರೆಯುವ ಮೊದಲು ಅಂಥ ಇಬ್ಬರು ಮೂವರನ್ನು ಕರೆಸಿ ಸ್ಥಳ ತೋರಿಸುವ ಪದ್ಧತಿ ಬಂದರೆ ದಿನಗಳು ಉಳಿಯುತ್ತವೆ.

ಸೇತುವೆಯ ವಿಷಯದಲ್ಲಿ ಇನ್ನೊಂದು. ಬೈಲಿ ಸೇತುವೆ ಸೇನೆಯ ಸ್ವತ್ತೇನಲ್ಲ. ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಈ ಬಗೆಯ ಉಕ್ಕಿನ ಸೇತುವೆಗಳನ್ನು ತಯಾರಿಸಿ ಮಾರುತ್ತಾರೆ, ಉತ್ತರಾಖಂಡದ ಲೋಕೋಪಯೋಗಿ ಇಲಾಖೆ ಇವುಗಳನ್ನು ಬಳಸುತ್ತಲೇ ಇದೆ. ಶಿರಾಡಿ, ಸಂಪಾಜೆ, ಚಾರ್ಮಾಡಿ ಘಾಟಿಗಳು ಒಂದೇ ವಾರದಲ್ಲಿ ಮುಚ್ಚಿಹೋಗುವ ಸಾಧ್ಯತೆಯಿರುವ ನಮ್ಮ ರಾಜ್ಯದಲ್ಲಿ ಎರಡು ಜೊತೆ ಸಾಮಗ್ರಿಯನ್ನು ಘಟ್ಟದ ಮೇಲೊಂದು, ಕೆಳಗೊಂದು ಇಟ್ಟುಕೊಳ್ಳುವುದು ದೊಡ್ಡ ಖರ್ಚಲ್ಲ. ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರುಗಳಿಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಬೆಂಗಳೂರಿನಲ್ಲಿ ತರಬೇತಿ ಕೊಡಿಸಬಹುದು. ಅಪಾಯವಿರುವ ಹೊಳೆಸೇತುವೆಗಳ ಎರಡೂ ದಡಗಳ ನಡುವಿನ ಅಳತೆ, ದಡದ ಮಣ್ಣಿನ ಗಟ್ಟಿತನ, ಲಾರಿ ತಿರುಗಿಸಲು ಜಾಗ ಇದೆಯೇ ಇಲ್ಲವೇ ಎಂಬ ಮಾಹಿತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಬರೆದಿಟ್ಟಿರಬೇಕು. ಮಡಿಕೇರಿಯವರೇ, ಮಾಜಿ ಸೈನಿಕರ ಪಟ್ಟಿ ಮಾಡುವಾಗ ಎಂಜಿನಿಯರ್ ರೆಜಿಮೆಂಟುಗಳಲ್ಲಿ ಇದ್ದವರನ್ನು ಬೇರೆಯಾಗಿ ಗುರುತಿಸಿಡಿ. ದಡದ ಅಳತೆ ತೆಗೆಯುವ ಕೆಲಸವನ್ನು ಅವರು ಈ ಬೇಸಿಗೆಯಲ್ಲಿಯೇ ಶುರುಮಾಡಬಲ್ಲರು.